ಜೋಹಾನ್ಸ್‌ಬರ್ಗ್‌ಗೆ ಹೊರಟವರಿಗೆ: ಹೆದರದೆ, ಮೈಮರೆಯದೆ ಓಡಾಡುವ ಬಗೆ

ಆಫೀಸಿನ ಕೆಲಸಕ್ಕೋ, ಕ್ರಿಕೆಟ್ ನೋಡಲೋ, ಕ್ರೂಗರ್ ಕಾಡಿಗೆ ಹೋಗುವ ದಾರಿಯಲ್ಲೋ ಜೋಹಾನ್ಸ್‌ಬರ್ಗ್‌ನಲ್ಲಿ ನಾಲ್ಕು ದಿನ ಇರಬೇಕಾಗಿದೆ ಎಂದು ಹೇಳಿ ನೋಡಿ. ಆ ಊರನ್ನು ಕಣ್ಣಲ್ಲಿ ಕಾಣದವರೂ ಸೇರಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಹುಷಾರು ಮಾರಾಯ್ರೆ, ಅಲ್ಲಿ ಹಾಡಹಗಲೇ ದರೋಡೆ ಮಾಡ್ತಾರಂತೆ.’ ಸರಿ, ಹುಷಾರಾಗಿರಬೇಕು. ಅದಕ್ಕೆ ಏನೇನು ಮಾಡಬೇಕು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಮನೆ ಬಿಡುವ ಮೊದಲಿನಿಂದ ಶುರುಮಾಡಿ ಹಂತ ಹಂತವಾಗಿ ಬರೆದಿದ್ದೇನೆ.

ಆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. 2022ರ ಜನಗಣತಿಯಂತೆ ದಕ್ಷಿಣ ಆಫ್ರಿಕಾದ ಜನಸಂಖ್ಯೆ ಸುಮಾರು 6.2 ಕೋಟಿ. ಕರ್ನಾಟಕದ್ದು 2011ರಲ್ಲೇ 6.1 ಕೋಟಿ ಇತ್ತು. ಅಂದರೆ ಆ ದೇಶ ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟು. ಅಷ್ಟು ಜನರಿರುವಲ್ಲಿ 2022–23ರ ಒಂದೇ ವರ್ಷದಲ್ಲಿ 27 ಸಾವಿರಕ್ಕೂ ಹೆಚ್ಚು ಕೊಲೆಗಳಾದವು. 2022ರಲ್ಲಿ ಇಡೀ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28 ಸಾವಿರ ಚಿಲ್ಲರೆ. ಈ ಅಂಕಿಯನ್ನು ಮುಚ್ಚಿಟ್ಟು ‘ಏನೂ ಆಗಲ್ಲ, ಆರಾಮಾಗಿ ಹೋಗಿ ಬನ್ನಿ’ ಎನ್ನುವವರ ಮಾತು ಕೇಳಬೇಡಿ.

ಹಾಗಂತ ಆ ಅಂಕಿಯನ್ನು ಇಡೀ ಊರಿನ ಮೇಲೆ ಸಮನಾಗಿ ಹರಡಲೂಬೇಡಿ. ಅಲ್ಲಿನ ಹಿಂಸೆಯ ಹೊರೆ ಹೊರುತ್ತಿರುವವರು ಹೆಚ್ಚಾಗಿ ಅಲ್ಲಿನ ಬಡವರೇ. ಹೊರಗಿನಿಂದ ಬಂದವರಿಗೆ ಎದುರಾಗುವುದು ಮುಖ್ಯವಾಗಿ ದೋಚುವಿಕೆ, ಅದಕ್ಕೂ ತನ್ನದೇ ಆದ ಹೊತ್ತು ಮತ್ತು ಜಾಗ ಇದೆ. ಕಾರಿನಿಂದ ಇಳಿಯುವಾಗ, ಗೇಟು ತೆರೆಯಲೆಂದು ಕಾಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಎಟಿಎಂ ಮುಂದೆ ತಲೆ ತಗ್ಗಿಸಿದಾಗ. ಭದ್ರವಾದ ಒಂದು ಜಾಗದಿಂದ ಇನ್ನೊಂದಕ್ಕೆ ದಾಟುವ ಆ ಎರಡು ಮೂರು ನಿಮಿಷಗಳೇ ಕಳ್ಳರ ಸಮಯ. ದಿನವಿಡೀ ಬೆದರಿಕೊಂಡು ಓಡಾಡಿದರೆ ಸುಸ್ತಾಗುತ್ತದೆ, ಸುಸ್ತಾದವರು ಬೇಕಾದ ಹೊತ್ತಿಗೇ ಮೈಮರೆಯುತ್ತಾರೆ. ನಿಮ್ಮ ಎಚ್ಚರವನ್ನೆಲ್ಲ ಈ ದಾಟುವ ಹೊತ್ತಿಗೆ ಉಳಿಸಿಟ್ಟುಕೊಳ್ಳಿ.

ಊರಿನ ನಕ್ಷೆಯನ್ನು ಮೊದಲು ಅರ್ಥ ಮಾಡಿಕೊಳ್ಳಿ

1886ರಲ್ಲಿ ಚಿನ್ನ ಸಿಕ್ಕಿತೆಂದು ಎದ್ದ ಊರು ಇದು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದವರು ಎಲ್ಲಿ ಬದುಕಬೇಕು ಎಂದು ಗೆರೆ ಎಳೆಯಿತು. ಕರಿಯರನ್ನು ಟೌನ್‌ಶಿಪ್ ಎಂಬ ದೂರದ ಬಡಾವಣೆಗಳಿಗೆ, ಭಾರತೀಯರನ್ನು ಲೆನೇಸಿಯಾದಂಥ ಕಡೆಗೆ ತಳ್ಳಲಾಯಿತು. ಕಾಯ್ದೆ ಹೋಗಿ ಮೂವತ್ತು ವರ್ಷ ದಾಟಿದರೂ ಗೆರೆಗಳು ನೆಲದ ಮೇಲಿವೆ. ಸ್ಯಾಂಡ್‌ಟನ್‌ನ ಗಾಜಿನ ಕಟ್ಟಡಗಳಿಂದ ಅಲೆಕ್ಸಾಂಡ್ರಾದ ತಗಡಿನ ಮನೆಗಳಿಗೆ ಕೆಲವೇ ಕಿಲೋಮೀಟರ್, ನಡುವೆ ಒಂದು ಹೆದ್ದಾರಿ. ಹಾಗಾಗಿ ‘ಆ ಏರಿಯಾ ಸೇಫ್, ಈ ಏರಿಯಾ ಅಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ. ಎರಡು ರಸ್ತೆ ದಾಟಿದರೆ ಸ್ಥಿತಿಯೇ ಬೇರೆ.

ಮೊದಲ ಸಲ ಹೋಗುವವರು ಉಳಿಯಲು ಸ್ಯಾಂಡ್‌ಟನ್, ರೋಸ್‌ಬ್ಯಾಂಕ್, ಮೆಲ್ರೋಸ್ ಆರ್ಚ್ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸ್ಯಾಂಡ್‌ಟನ್, ರೋಸ್‌ಬ್ಯಾಂಕ್ ಎರಡಕ್ಕೂ ಗೌಟ್ರೇನ್ ಎಂಬ ರೈಲಿನ ನಿಲ್ದಾಣವಿದೆ. ನನ್ನನ್ನು ಕೇಳಿದರೆ ರೋಸ್‌ಬ್ಯಾಂಕ್. ಹಗಲಲ್ಲಿ ನಡೆದಾಡಬಹುದಾದ ಬೀದಿಗಳಿವೆ, ಮಾಲ್, ಹೋಟೆಲ್, ನಿಲ್ದಾಣ ಒಂದಕ್ಕೊಂದು ಅಂಟಿಕೊಂಡಂತಿವೆ, ಅಂದರೆ ದಾಟುವ ಹೊತ್ತೇ ಕಡಿಮೆ. ನಗರದ ನಡುಭಾಗ, ಹಿಲ್‌ಬ್ರೋ, ಬೆರಿಯಾ, ಯೋವಿಲ್‌ಗಳಲ್ಲಿ ಅಗ್ಗವಾಗಿ ರೂಮು ಸಿಗುತ್ತದೆಂದು ಬುಕ್ ಮಾಡಬೇಡಿ. ಅಲ್ಲಿ ಉಳಿಸಿದ ದುಡ್ಡು ದಿನಾ ಟ್ಯಾಕ್ಸಿಗೆ ಹೋಗುತ್ತದೆ, ಮನಸ್ಸಿನ ನೆಮ್ಮದಿಯೂ ಅದರ ಜೊತೆಗೆ.

ಮನೆ ಬಿಡುವ ಮೊದಲು

ಈ ಹಂತಕ್ಕೆ ಜನ ಕೊಡುವ ಗಮನ ತೀರಾ ಕಡಿಮೆ. ಆದರೆ ನಷ್ಟ ಸಾವಿರದಲ್ಲಿ ನಿಲ್ಲುತ್ತದೋ ಲಕ್ಷಕ್ಕೇರುತ್ತದೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ಚಿನ್ನದಿಂದ ಶುರುಮಾಡಿ. ಸರ, ಬಳೆ, ಉಂಗುರ ಎಲ್ಲ ಲಾಕರ್‌ನಲ್ಲಿರಲಿ. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಚಿನ್ನದ ಸರದ ಬದಲು ಅರಿಶಿನದ ದಾರದಲ್ಲಿ ಪೋಣಿಸಿ ಬಟ್ಟೆಯೊಳಗೆ ಇಟ್ಟುಕೊಳ್ಳಿ. ಭಾರತೀಯರ ಕೊರಳಲ್ಲಿ ಅಪ್ಪಟ ಚಿನ್ನ ಇರುತ್ತದೆಂಬುದು ಅಲ್ಲಿನ ಕಳ್ಳರಿಗೂ ಗೊತ್ತು. ದುಬಾರಿ ವಾಚಿಗೂ ಇದೇ ಮಾತು.

ಆಮೇಲೆ ಕಾರ್ಡು. 2020ರಿಂದ ನಮ್ಮ ಬ್ಯಾಂಕುಗಳು ಹೊಸ ಕಾರ್ಡುಗಳ ವಿದೇಶಿ ವ್ಯವಹಾರವನ್ನು ಮುಚ್ಚಿಯೇ ಕೊಡುತ್ತವೆ, ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ತೆರೆಯುವಾಗ ಎಟಿಎಂ, ಅಂಗಡಿ ಮೆಷಿನ್, ಆನ್‌ಲೈನ್ ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಿ. ಅಂಗಡಿ ಮೆಷಿನ್‌ಗೆ ದಿನದ ಖರ್ಚಿಗೆ ಸಾಕಾಗುವಷ್ಟೇ ಮಿತಿ ಇಡಿ. ಎಟಿಎಂಗೆ ಇನ್ನೂ ಕಡಿಮೆ. ವಿದೇಶಿ ಆನ್‌ಲೈನ್ ವ್ಯವಹಾರ ಮುಚ್ಚಿಯೇ ಇರಲಿ. ಯಾಕೆಂದರೆ ವಿದೇಶಿ ವೆಬ್‌ಸೈಟುಗಳಲ್ಲಿ ನಮ್ಮ ಕಾರ್ಡು ಬಳಸಲು ಎಷ್ಟೋ ಸಲ ಓಟಿಪಿಯೇ ಬೇಕಾಗುವುದಿಲ್ಲ. ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡು ಊರಲ್ಲೇ ಇರಲಿ. ಸಣ್ಣ ಮೊತ್ತ ಹಾಕಿದ ಬೇರೆ ಖಾತೆಯದೊಂದು ಕಾರ್ಡು ಜೇಬಿಗೆ, ಇನ್ನೊಂದು ಬ್ಯಾಂಕಿನದು ಹೋಟೆಲ್ ತಿಜೋರಿಗೆ.

ಮೂರನೆಯದು ಮೊಬೈಲ್. ನಮ್ಮ ಬ್ಯಾಂಕು, ಯುಪಿಐ, ಡಿಜಿಲಾಕರ್, ಟಿಕೆಟ್ ಎಲ್ಲ ಒಂದೇ ಫೋನಿನಲ್ಲಿ ಕೂತಿವೆ. ಆ ಫೋನ್ ಹೋದರೆ ಹಣವಷ್ಟೇ ಅಲ್ಲ, ಹಣ ತಡೆಯುವ ದಾರಿಯೂ ಹೋದಂತೆ. ಮನೆಯಲ್ಲಿ ಬಿದ್ದಿರುವ ಹಳೆಯ ಫೋನೊಂದನ್ನು ಚಾರ್ಜ್ ಮಾಡಿ, ಭಾರತದ ಸಿಮ್ ಅದರಲ್ಲಿ ಹಾಕಿ, ಬ್ಯಾಂಕ್ ಆ್ಯಪ್‌ಗಳನ್ನೂ ಅದಕ್ಕೇ ಸೇರಿಸಿ ರೂಮಿನಲ್ಲಿಡಿ. ಹೊರಗೆ ಒಯ್ಯುವ ಫೋನಿನಲ್ಲಿ ಸ್ಥಳೀಯ ಸಿಮ್, ಮ್ಯಾಪ್, ಟ್ಯಾಕ್ಸಿ ಆ್ಯಪ್ ಇದ್ದರೆ ಸಾಕು. ಬ್ಯಾಂಕಿಗೆ ವಿದೇಶದಿಂದ ಕರೆ ಮಾಡುವ ಸಂಖ್ಯೆ, ಹೋಟೆಲ್ ಸಂಖ್ಯೆ, ಮನೆಯವರ ಸಂಖ್ಯೆ ಈ ಮೂರನ್ನು ಕಾಗದದ ಮೇಲೆ ಬರೆದು ಬೇರೆ ಜೇಬಿನಲ್ಲಿಡಿ. ಫೋನ್ ಕಳೆದಾಗ ಮನೆಯವರ ನಂಬರೂ ನೆನಪಿಗೆ ಬಾರದು.

ಪಾಸ್‌ಪೋರ್ಟ್, ವೀಸಾ ಪುಟಗಳ ಜೆರಾಕ್ಸ್ ಎರಡು ಪ್ರತಿ ಮಾಡಿಸಿ. ಪ್ರವಾಸ ವಿಮೆ ತೆಗೆದುಕೊಳ್ಳುವಾಗ ಕಳವಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು ಎಂದು ಓದಿಕೊಳ್ಳಿ. ಅಲ್ಲಿನ ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ, ಆದರೆ ದಾಖಲಾಗುವ ಮೊದಲೇ ಹಣವನ್ನೋ ವಿಮೆಯ ಖಾತ್ರಿಯನ್ನೋ ಕೇಳುತ್ತಾರೆ.

ವಿಮಾನ ಇಳಿದ ಮೇಲೆ

ಓಆರ್ ಟಾಂಬೊ ವಿಮಾನ ನಿಲ್ದಾಣದ ಒಳಗೆ ಹೆಚ್ಚಿನ ತೊಂದರೆ ಇಲ್ಲ. ತೊಂದರೆ ಇರುವುದು ನಿಮ್ಮನ್ನು ಒಳಗೆ ಗುರುತಿಸಿ ಹೊರಗೆ ಹಿಂಬಾಲಿಸುವವರಿಂದ. ದೊಡ್ಡ ಮೊತ್ತದ ಡಾಲರ್ ಬದಲಿಸಿಕೊಂಡು ಕಂತೆ ಎಣಿಸುತ್ತಾ ಬರುವವರನ್ನು ನೋಡಿಕೊಂಡಿದ್ದು, ಅವರ ಕಾರಿನ ಹಿಂದೆಯೇ ಬಂದು, ಮನೆ ಅಥವಾ ಹೋಟೆಲ್ ಗೇಟಿನ ಮುಂದೆ ಅಡ್ಡಹಾಕುವ ತಂಡಗಳಿವೆ. ಆದ್ದರಿಂದ ನಿಲ್ದಾಣದಲ್ಲಿ ಹಣ ಬದಲಿಸಲೇಬೇಕಿದ್ದರೆ ಒಂದೆರಡು ದಿನಕ್ಕೆ ಸಾಕಾಗುವಷ್ಟು ಅಲ್ಲಿನ ಹಣವಾದ ರ‍್ಯಾಂಡ್ ಮಾತ್ರ. ಹೆಚ್ಚಿನ ಕಡೆ ಕಾರ್ಡೇ ನಡೆಯುತ್ತದೆ.

ಹಗಲಿಗೆ ಇಳಿದರೆ ಗೌಟ್ರೇನ್ ಹತ್ತಿ. 2010ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಶುರುವಾದ ಈ ರೈಲು ವಿಮಾನ ನಿಲ್ದಾಣದೊಳಗಿಂದಲೇ ಹೊರಟು ಸುಮಾರು 15 ನಿಮಿಷಕ್ಕೆ ಸ್ಯಾಂಡ್‌ಟನ್ ಮುಟ್ಟಿಸುತ್ತದೆ. ಕಾವಲುಗಾರರು, ಕ್ಯಾಮೆರಾ ಎಲ್ಲ ಇವೆ. ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಚ್ಯೂಯಿಂಗ್ ಗಮ್ ಕೂಡ ಅಗಿಯುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ರೂಮಿಗೆ ಹೋಗಿ ತೆರೆಯಿರಿ. ರೈಲು ತಡರಾತ್ರಿ ಓಡುವುದಿಲ್ಲ, ಹಾಗಾಗಿ ಟಿಕೆಟ್ ಬುಕ್ ಮಾಡುವಾಗಲೇ ಬೆಳಗ್ಗೆ ಅಥವಾ ಮಧ್ಯಾಹ್ನ ತಲುಪುವ ವಿಮಾನ ನೋಡಿಕೊಳ್ಳಿ. ಜೂನ್, ಜುಲೈ ಅಲ್ಲಿ ಚಳಿಗಾಲ, ಸಂಜೆ ಐದೂವರೆಗೇ ಕತ್ತಲು.

ರಾತ್ರಿ ಇಳಿಯುವುದು ತಪ್ಪದಿದ್ದರೆ ಹೋಟೆಲಿನಿಂದಲೇ ಕಾರು ಗೊತ್ತುಮಾಡಿ, ಚಾಲಕರ ಹೆಸರು, ಗಾಡಿ ಸಂಖ್ಯೆ ಮೊದಲೇ ತರಿಸಿಕೊಳ್ಳಿ. ‘ಟ್ಯಾಕ್ಸಿ ಬೇಕಾ ಸರ್’ ಎಂದು ಹಿಂದೆ ಬೀಳುವವರಿಗೆ ಬೇಡ ಎಂದು ನಗುತ್ತಲೇ ಹೇಳಿ, ಕಾಲು ನಿಲ್ಲಿಸಬೇಡಿ.

ಆ್ಯಪ್ ಟ್ಯಾಕ್ಸಿ

ಉಬರ್, ಬೋಲ್ಟ್ ಎರಡೂ ಇವೆ. ಆ್ಯಪ್ ಚಾಲಕರಿಗೂ ಉಳಿದ ಟ್ಯಾಕ್ಸಿಯವರಿಗೂ ಹಳೆಯ ಜಗಳವಿದೆ, ಅದು ರೈಲು ನಿಲ್ದಾಣ, ಮಾಲ್‌ಗಳ ಬಾಗಿಲಲ್ಲೇ ಸಿಡಿಯುವುದು. ಆದ್ದರಿಂದ ಚಾಲಕರು ‘ಆ ಗೇಟಿಗೆ ಬನ್ನಿ’ ಎಂದೋ ‘ಮುಂದಿನ ಸೀಟಿನಲ್ಲಿ ಕೂರಿ’ ಎಂದೋ ಕೇಳಿದರೆ ಗಾಬರಿ ಬೇಡ. ಗುರುತಿಸಿದ ಪಿಕಪ್ ಜಾಗವಾಗಿದ್ದು, ಕಾವಲುಗಾರರ ಕಣ್ಣೆದುರಿಗಿದ್ದರೆ ಒಪ್ಪಿಕೊಳ್ಳಿ. ಗಾಡಿ ಬರುವವರೆಗೆ ಕಟ್ಟಡದ ಒಳಗೇ ಇರಿ, ರಸ್ತೆಗೆ ಬಂದು ಫೋನ್ ಹಿಡಿದು ನಿಲ್ಲಬೇಡಿ. ಸಂಖ್ಯೆ ತಾಳೆಯಾಗದಿದ್ದರೆ, ಚಾಲಕ ಬೇರೆಯವರಾಗಿದ್ದರೆ ಮಾತಿಗೂ ಇಳಿಯದೆ ರದ್ದು ಮಾಡಿ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಪ್ರಯಾಣದ ಲಿಂಕನ್ನು ಪ್ರತಿ ಸಲವೂ ಯಾರಿಗಾದರೂ ಕಳಿಸಿ, ಹತ್ತು ನಿಮಿಷದ ದಾರಿಯಾದರೂ ಸರಿ.

ಬಿಳಿ ಮಿನಿಬಸ್ ಟ್ಯಾಕ್ಸಿಗಳಲ್ಲಿ ದಿನಾ ಲಕ್ಷಾಂತರ ಜನ ಕೆಲಸಕ್ಕೆ ಹೋಗುತ್ತಾರೆ. ಬೆರಳ ಸನ್ನೆ ಮಾಡಿ ನಿಲ್ಲಿಸಬೇಕು, ಯಾವ ಸನ್ನೆಗೆ ಯಾವ ದಾರಿ ಎಂಬುದು ಅಲ್ಲಿಯವರಿಗೇ ಗೊತ್ತು. ಪರಿಚಯದವರ ಜೊತೆಯಾದರೆ ಹತ್ತಿ, ಒಬ್ಬರೇ ಬೇಡ.

ನೀವೇ ಕಾರು ಓಡಿಸುವುದಾದರೆ

ನಮ್ಮಲ್ಲಿಯಂತೆಯೇ ಎಡಬದಿಯ ಸಂಚಾರ, ರಸ್ತೆಗಳು ಚೆಂದ. ಸಿಗ್ನಲ್ ದೀಪಕ್ಕೆ ಅಲ್ಲಿ ರೋಬೋಟ್ ಎನ್ನುತ್ತಾರೆ, ದಾರಿ ಕೇಳುವಾಗ ನೆನಪಿರಲಿ. ಆ ರೋಬೋಟ್‌ಗಳೇ ಮುಖ್ಯ ಅಪಾಯದ ಜಾಗ.

ನಡೆಯುವುದು ಹೀಗೆ. ನೀವು ಮೂರನೆಯ ಕಾರು, ಮುಂದೆ ಎರಡು ನಿಂತಿವೆ. ಪಕ್ಕದ ಸೀಟಿನ ಮೇಲೆ ಬ್ಯಾಗು, ಫೋನು ಸ್ಟ್ಯಾಂಡಿನಲ್ಲಿ. ರಸ್ತೆ ನಡುವೆ ಏನೋ ಮಾರುವವರು, ಗಾಜು ಒರೆಸುವವರು ಓಡಾಡುತ್ತಿದ್ದಾರೆ, ಬಹುತೇಕ ಎಲ್ಲರೂ ಹೊಟ್ಟೆಪಾಡಿನವರು. ಅವರ ನಡುವೆ ಒಬ್ಬ ಕಾರುಗಳ ಸೀಟುಗಳನ್ನು ನೋಡುತ್ತಾ ಬರುತ್ತಾನೆ. ಎಡಗಡೆಯ ಕಿಟಕಿ ಪಟ್ ಎಂದು ಒಡೆಯುತ್ತದೆ. ನೀವು ತಿರುಗುವಷ್ಟರಲ್ಲಿ ಬ್ಯಾಗಿಲ್ಲ. ಗಾಜಿನ ಚೂರು ಮಡಿಲಲ್ಲಿದೆ. ನಾಲ್ಕೈದು ಸೆಕೆಂಡಿನ ಕೆಲಸ. ಇದಕ್ಕೆ ಸ್ಮ್ಯಾಶ್ ಆ್ಯಂಡ್ ಗ್ರಾಬ್ ಎಂಬ ಹೆಸರಿದೆ, ಹೆಚ್ಚಾಗಿ ನಡೆಯುವ ಕಡೆ ಎಚ್ಚರಿಕೆಯ ಫಲಕವನ್ನೇ ನೆಟ್ಟಿದ್ದಾರೆ.

ತಡೆಯುವುದು ಕಷ್ಟವಲ್ಲ. ಹೊರಡುವ ಮೊದಲೇ ಎಲ್ಲವೂ ಡಿಕ್ಕಿಗೆ. ತಲುಪಿದ ಮೇಲೆ ಡಿಕ್ಕಿ ತೆರೆದು ಬಚ್ಚಿಟ್ಟರೆ ನೋಡುವವರು ನೋಡಿಯೇ ಇರುತ್ತಾರೆ. ಸೀಟಿನ ಮೇಲೆ ಖಾಲಿ ಕೈಚೀಲವೂ ಬೇಡ, ಅದು ಖಾಲಿ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಬಾಡಿಗೆ ಕಾರು ತೆಗೆದುಕೊಳ್ಳುವಾಗ ಗಾಜಿಗೆ ಒಡೆಯದ ಫಿಲ್ಮ್ ಹಾಕಿದ್ದಾರಾ ಎಂದು ಕೇಳಿ. ಮುಂದಿನ ಕಾರಿನ ಹಿಂದಿನ ಚಕ್ರಗಳು ರಸ್ತೆಗೆ ತಾಗುವ ಜಾಗ ಕಾಣುವಷ್ಟು ಅಂತರ ಬಿಟ್ಟು ನಿಲ್ಲಿಸಿ. ಆಗ ರಿವರ್ಸ್ ತೆಗೆಯದೆಯೇ ಪಕ್ಕಕ್ಕೆ ತಿರುಗಿಸಿಕೊಂಡು ಹೊರಡಬಹುದು. ರಾತ್ರಿಯಲ್ಲಿ ಕೆಂಪು ದೀಪ ದೂರದಿಂದ ಕಂಡರೆ ವೇಗ ತಗ್ಗಿಸಿ, ಹಸಿರಾಗುವ ಹೊತ್ತಿಗೆ ತಲುಪುವಂತೆ ಬನ್ನಿ. ಕರೆಂಟ್ ಹೋಗಿ ದೀಪಗಳೇ ಉರಿಯದಿದ್ದರೆ ನಾಲ್ಕೂ ಕಡೆಯವರು ನಿಂತು, ಮೊದಲು ಬಂದವರು ಮೊದಲು ಹೋಗುವ ನಿಯಮವಿದೆ. ಜನ ಅದನ್ನು ಪಾಲಿಸುವ ಶಿಸ್ತು ನೋಡಿದರೆ ಖುಷಿಯಾಗುತ್ತದೆ.

ಗೇಟಿನ ಮುಂದೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೇಟಿಗೆ ಮೂತಿ ಹಚ್ಚಿ ನಿಂತರೆ ಹಿಂದಿನಿಂದ ಇನ್ನೊಂದು ಕಾರು ಬಂದು ನಿಂತಾಗ ಪೂರ್ತಿ ಸಿಕ್ಕಿಬೀಳುತ್ತೀರಿ. ರಸ್ತೆಯಲ್ಲೇ ನಿಂತು, ಗೇಟು ಪೂರ್ತಿ ತೆರೆದ ಮೇಲೆ ಒಳಗೆ ಹೋಗಿ, ಹಿಂದೆ ಮುಚ್ಚುವವರೆಗೆ ಕನ್ನಡಿ ನೋಡುತ್ತಿರಿ. ಯಾರೋ ಹಿಂಬಾಲಿಸುತ್ತಿದ್ದಾರೆ ಅನಿಸಿದರೆ ಮನೆಗೆ ತಿರುಗಲೇಬೇಡಿ. ದೀಪ ಉರಿಯುವ ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ನೇರವಾಗಿ ಹೋಗಿ.

ಪಾರ್ಕಿಂಗ್‌ನಲ್ಲಿ ರಿಮೋಟ್ ಒತ್ತಿ ಹಾಗೇ ನಡೆದುಬಿಡಬೇಡಿ. ರಿಮೋಟಿನ ಸಂಕೇತವನ್ನು ತಡೆಯುವ ಸಣ್ಣ ಯಂತ್ರ ಹಿಡಿದು ಕಾಯುವವರಿದ್ದಾರೆ, ಲಾಕ್ ಬಿತ್ತೆಂದು ನೀವು ಅಂದುಕೊಂಡಿರುತ್ತೀರಿ, ಬಿದ್ದಿರುವುದಿಲ್ಲ. ಹಿಡಿಕೆಯನ್ನು ಕೈಯಿಂದ ಎಳೆದು ನೋಡಿ. ಹಳದಿ ಜಾಕೆಟ್ ತೊಟ್ಟು ಕಾರು ಕಾಯುವವರಿಗೆ ಹೊರಡುವಾಗ 5–10 ರ‍್ಯಾಂಡ್ ಕೊಡುವುದು ವಾಡಿಕೆ, ಮನಃಪೂರ್ವಕವಾಗಿ ಕೊಡಿ.

ಪೊಲೀಸರ ವೇಷದಲ್ಲಿ ನೀಲಿ ದೀಪ ಹಾಕಿಕೊಂಡು ಗಾಡಿ ನಿಲ್ಲಿಸುವ ದರೋಡೆಕೋರರೂ ಇದ್ದಾರೆ. ಗುರುತಿಲ್ಲದ ಕಾರಿನವರು ನಿಲ್ಲಿಸಲು ಸನ್ನೆ ಮಾಡಿದರೆ ಹಜಾರ್ಡ್ ಲೈಟ್ ಹಾಕಿ, ನಿಧಾನವಾಗಿ, ‘ನನ್ನ ಹಿಂದೆ ಬನ್ನಿ’ ಎಂದು ಕೈಸನ್ನೆ ಮಾಡಿ ಹತ್ತಿರದ ಠಾಣೆಗೆ ಹೋಗಿ. ವೇಗ ಹೆಚ್ಚಿಸಬೇಡಿ, ತಪ್ಪಿಸಿಕೊಳ್ಳುತ್ತಿದ್ದೀರೆಂದು ಅಸಲಿ ಪೊಲೀಸರು ತಿಳಿದಾರು.

ಎಟಿಎಂ ಮುಂದೆ

ಮಾಲ್ ಅಥವಾ ಬ್ಯಾಂಕಿನ ಒಳಗಿರುವ ಎಟಿಎಂ ಮಾತ್ರ, ಅದೂ ಹಗಲಿನಲ್ಲಿ. ತಿಂಗಳ ಕೊನೆಯ ವಾರ ಸಂಬಳದ ಹೊತ್ತು, ಸಾಲು ಉದ್ದ, ಕೈಚಳಕದವರೂ ಹೆಚ್ಚು.

ಅವರ ಆಟ ಹೀಗಿರುತ್ತದೆ. ನೀಟಾಗಿ ಬಟ್ಟೆ ಹಾಕಿಕೊಂಡ ಒಬ್ಬರು ಪಕ್ಕದಲ್ಲಿ ನಿಂತು, ‘ಈ ಮೆಷಿನ್ ಸರಿಯಿಲ್ಲ, ಕಾರ್ಡನ್ನು ಮತ್ತೆ ಹಾಕಿ ಕ್ಯಾನ್ಸಲ್ ಒತ್ತಬೇಕು’ ಎನ್ನುತ್ತಾರೆ. ಸಹಾಯಕ್ಕೆಂದು ಕಾರ್ಡು ಕೈಗೆ ತೆಗೆದುಕೊಂಡು ತೂರಿಸಿದಂತೆ ಮಾಡುತ್ತಾರೆ. ನೀವು ಪಿನ್ ಒತ್ತುತ್ತೀರಿ, ಹಿಂದಿನವನೊಬ್ಬ ನೋಡಿಕೊಳ್ಳುತ್ತಾನೆ. ಹಣ ಬರುವುದಿಲ್ಲ, ಕಾರ್ಡು ವಾಪಸ್ ಬರುತ್ತದೆ, ಬಣ್ಣವೂ ಅದೇ. ಅದು ನಿಮ್ಮದಲ್ಲ ಎಂದು ಗೊತ್ತಾಗುವುದು ಬ್ಯಾಂಕಿನ ಮೆಸೇಜ್ ಸಾಲುಸಾಲಾಗಿ ಬಂದಾಗ. ಮೆಷಿನ್ ಹತ್ತಿರ ಯಾರ ಸಹಾಯವೂ ಬೇಡ, ಎಷ್ಟೇ ಸಜ್ಜನರಾಗಿ ಕಂಡರೂ. ಕಾರ್ಡು ಒಳಗೇ ಸಿಕ್ಕಿಕೊಂಡರೆ ಅಲ್ಲೇ ನಿಂತು ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಆಮೇಲೆ ಕಾಲು ಕೀಳಿ. ಹೊರಗೊಯ್ಯುವ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಲ್ಲವಾದರೆ ಕಾಗದದಲ್ಲಿ ಬರೆದಿಟ್ಟ ಸಂಖ್ಯೆಗೆ ಕರೆ ಮಾಡಿ.

ಕಾಲ್ನಡಿಗೆ, ಮತ್ತು ನೋಡಲೇಬೇಕಾದ ಜಾಗಗಳು

ಹೆದರಿ ಮಾಲ್‌ನಲ್ಲೇ ನಾಲ್ಕು ದಿನ ಕಳೆದು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಬೇರೆಲ್ಲೂ ಸಿಗದ ಇತಿಹಾಸ ಅಲ್ಲಿ ಕಣ್ಣೆದುರಿಗಿದೆ.

ಕಾನ್ಸ್ಟಿಟ್ಯೂಶನ್ ಹಿಲ್‌ನ ಹಳೆಯ ಸೆರೆಮನೆಯಲ್ಲಿ ಗಾಂಧಿಯೂ ಇದ್ದರು, ಮಂಡೇಲಾ ಅವರೂ ಇದ್ದರು. ಅದೇ ಆವರಣದಲ್ಲಿ ಈಗ ಸಂವಿಧಾನ ನ್ಯಾಯಾಲಯವಿದೆ. ಆವರಣದೊಳಗೆ ನಿಶ್ಚಿಂತೆ, ಗೋಡೆಯಾಚೆಗೆ ಹಿಲ್‌ಬ್ರೋ. ಕಾರಿನಲ್ಲಿ ಒಳಗೇ ಹೋಗಿ ಇಳಿಯಿರಿ, ಅಥವಾ ರೋಸ್‌ಬ್ಯಾಂಕ್‌ನಿಂದ ಹೊರಡುವ ಕೆಂಪು ಪ್ರವಾಸಿ ಬಸ್ಸಿನಲ್ಲಿ ಬನ್ನಿ, ಅಲ್ಲಿಂದ ಇನ್ನೊಂದು ಕಡೆಗೆ ನಡೆದು ಹೊರಡಬೇಡಿ. ನಗರದ ನಡುವೆ ಗಾಂಧಿ ಸ್ಕ್ವೇರ್ ಇದೆ, ವಕೀಲರ ನಿಲುವಂಗಿಯಲ್ಲಿರುವ ಯುವಕ ಗಾಂಧಿಯ ಪ್ರತಿಮೆ ಅಲ್ಲಿದೆ. ವಾರದ ದಿನ, ಬೆಳಗಿನ ಹೊತ್ತು, ಸ್ಥಳೀಯ ಗೈಡ್ ಜೊತೆ ಹೋಗಿ.

ಸೊವೆಟೋ ಎಂಬ ಟೌನ್‌ಶಿಪ್ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ಮಂಡೇಲಾ, ಆರ್ಚ್‌ಬಿಷಪ್ ಟುಟು ಇಬ್ಬರೂ ಬದುಕಿದ ವಿಲಕಾಜಿ ಬೀದಿ ಹಗಲಿನಲ್ಲಿ ಪ್ರವಾಸಿಗರಿಂದ ತುಂಬಿರುತ್ತದೆ. 1976ರ ಜೂನ್ 16ರಂದು ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಬಾಲಕನ ಹೆಸರಿನ ಹೆಕ್ಟರ್ ಪೀಟರ್ಸನ್ ಮ್ಯೂಸಿಯಂ ಅಲ್ಲಿಂದ ಹತ್ತಿರ. ಹಿಲ್‌ಬ್ರೋವನ್ನೇ ನೋಡಬೇಕೆನ್ನುವವರಿಗೆ 54 ಮಹಡಿಯ ಪಾಂಟೆ ಕಟ್ಟಡದಲ್ಲಿರುವ ಡ್ಲಾಲಾ ನ್ಜೆ ಎಂಬ ಸಂಸ್ಥೆ ಅಲ್ಲಿನ ನಿವಾಸಿಗಳ ಜೊತೆಯಲ್ಲೇ ನಡೆಸಿಕೊಂಡು ಹೋಗುತ್ತದೆ. ಅಲ್ಲಿ ಬದುಕುವವರ ಜೊತೆ ನಡೆದರೆ ಬೀದಿ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ವಾಂಡರರ್ಸ್ ಮೈದಾನ ನಮಗೆ ಬೇರೆಯೇ ಕಾರಣಕ್ಕೆ ಆಪ್ತ. 2006ರ ಡಿಸೆಂಬರ್‌ನಲ್ಲಿ ದ್ರಾವಿಡ್ ನಾಯಕತ್ವದಲ್ಲಿ ಭಾರತ ದಕ್ಷಿಣ ಆಫ್ರಿಕಾ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದದ್ದು ಇಲ್ಲೇ. ಪಂದ್ಯ ಮುಗಿದಾಗ ಗುಂಪಿನ ಜೊತೆಗೇ ಹೊರಬನ್ನಿ, ಟ್ಯಾಕ್ಸಿಯನ್ನು ಜನ ಇರುವ ಕಡೆಗೇ ಕರೆಸಿಕೊಳ್ಳಿ.

ನಡೆಯುವಾಗ ಮ್ಯಾಪ್ ನೋಡಬೇಕೆನಿಸಿದರೆ ಅಂಗಡಿಯೊಳಗೆ ಹೋಗಿ ನೋಡಿ. ಎದುರು ಬಂದವರು ಕಣ್ಣಿಗೆ ಕಣ್ಣು ಕೊಟ್ಟರೆ ನಮಸ್ಕಾರ ಹೇಳಿ, ಅಲ್ಲಿ ಅದು ಮರ್ಯಾದೆ. ಇನ್ನು, ಸ್ಥಳೀಯರನ್ನು ‘ಇದು ಸೇಫಾ?’ ಎಂದು ಕೇಳಿದರೆ ಮರ್ಯಾದೆಗೆ ಹೂಂ ಎಂದುಬಿಡುತ್ತಾರೆ. ‘ಸಂಜೆ ಆರಕ್ಕೆ ಈ ರಸ್ತೆಯಲ್ಲಿ ನೀವು ಒಬ್ಬರೇ ನಡೀತೀರಾ?’ ಎಂದು ಹೋಟೆಲ್ ರಿಸೆಪ್ಶನ್‌ನವರನ್ನು ಕೇಳಿ. ಆಗ ಬರುವ ಉತ್ತರವನ್ನು ನಂಬಿ.

ಎದುರಾಗಿಯೇ ಬಿಟ್ಟರೆ

ಕೊಟ್ಟುಬಿಡಿ. ಇದರಲ್ಲಿ ಎರಡನೇ ಯೋಚನೆ ಬೇಡ. ಬಂದವನ ಕೈಯಲ್ಲಿ ಬಂದೂಕಿದೆ ಎಂದೇ ತಿಳಿಯಿರಿ, ಕಾಣದಿದ್ದರೂ.

ಕೈಗಳು ಅವನಿಗೆ ಕಾಣುವಂತಿರಲಿ. ಜೇಬಿಗೆ ಕೈ ಹಾಕುವ ಮೊದಲು ‘ಫೋನ್ ಈ ಜೇಬಿನಲ್ಲಿದೆ, ತೆಗೆಯುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ನಿಧಾನವಾಗಿ ತೆಗೆಯಿರಿ. ಮುಖ ದಿಟ್ಟಿಸಬೇಡಿ. ಕಾರಾದರೆ ಬಲಗೈ ಮೇಲೆತ್ತಿ, ಎಡಗೈಯಿಂದ ಸೀಟ್ ಬೆಲ್ಟ್ ಬಿಚ್ಚಿ ಇಳಿಯಿರಿ, ಬ್ಯಾಗಿಗೆಂದು ಹಿಂದಕ್ಕೆ ಬಾಗಬೇಡಿ. ಹಿಂದಿನ ಸೀಟಿನಲ್ಲಿ ಮಗುವಿದ್ದರೆ ಮೊದಲ ಮಾತೇ ಅದಾಗಿರಲಿ: ‘ಮೈ ಚೈಲ್ಡ್.’ ಜೊತೆಯಲ್ಲಿರುವವರ ಬಳಿ ಈ ಮಾತನ್ನು ಹೊರಡುವ ಮೊದಲೇ ಆಡಿಕೊಳ್ಳಿ. ಗುಂಪಿನಲ್ಲಿ ಒಬ್ಬರು ಕೊಡುತ್ತಿರುವಾಗ ಇನ್ನೊಬ್ಬರು ಪೌರುಷ ತೋರಿಸಲು ಹೋದಾಗಲೇ ಗುಂಡು ಹಾರುವುದು.

ಆದ ಮೇಲೆ

ಮೊದಲು ಬೆಳಕಿರುವ, ಜನ ಇರುವ ಕಡೆಗೆ ಹೋಗಿ. ಮೊಬೈಲಿನಿಂದ 112, ಪೊಲೀಸರಿಗೆ ನೇರವಾಗಿ 10111. ಆ ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಕಾವಲುಗಾರರೇ ಹೆಚ್ಚು, ಹೋಟೆಲ್ ಅಥವಾ ಮಾಲ್‌ನ ಭದ್ರತೆಯವರೇ ಮೊದಲು ಬರುವ ಸಾಧ್ಯತೆ ಇದೆ. ರೂಮಿಗೆ ಬಂದು ಹಳೆಯ ಫೋನಿನಿಂದ ಕಾರ್ಡು, ಯುಪಿಐ, ಇಮೇಲ್ ಈ ಕ್ರಮದಲ್ಲಿ ಮುಚ್ಚಿಸಿ.

ಆಮೇಲೆ ಠಾಣೆಗೆ ಹೋಗಿ ದೂರು ಬರೆಸಿ. ಕದ್ದದ್ದು ಸಿಗುತ್ತದೆಂಬ ಆಸೆ ಬೇಡ, ಆದರೆ ಕೇಸ್ ನಂಬರ್ ಇಲ್ಲದೆ ವಿಮೆಯವರು ಮಾತೇ ಆಡುವುದಿಲ್ಲ. ಪಾಸ್‌ಪೋರ್ಟೂ ಹೋಗಿದ್ದರೆ ಅದೇ ನಂಬರ್ ಮತ್ತು ಜೆರಾಕ್ಸ್ ಹಿಡಿದು ಜೋಹಾನ್ಸ್‌ಬರ್ಗ್‌ನಲ್ಲೇ ಇರುವ ಭಾರತದ ಕಾನ್ಸುಲೇಟ್ ಕಚೇರಿಗೆ ಹೋಗಿ. ಮನೆಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುವವರು ಅವರೇ. ಶನಿವಾರ, ಭಾನುವಾರ ಕಚೇರಿ ಮುಚ್ಚಿರುತ್ತದೆ, ಹಾಗಾಗಿ ವಿಮಾನದ ದಿನಾಂಕ ಮುಂದೂಡಬೇಕಾಗಬಹುದು. ವಿಮಾನದ ಕಂಪನಿಗೆ ಅವತ್ತೇ ಫೋನ್ ಮಾಡಿ ತಿಳಿಸಿ.